ಮೊದಲು ಚೌಕಿಪೇಟೆ, ಆಮೇಲೆ ಇಂಗ್ಲೆಂಡ್: ದಾವಣಗೆರೆಯಲ್ಲೇ ಕೂತು ಹೊರದೇಶದ ಡಿಜಿಟಲ್ ಮಾರ್ಕೆಟಿಂಗ್ ಇಂಟರ್ನ್‌ಶಿಪ್ ಮಾಡೋದು ಹೇಗೆ

ಕಾಲೇಜಿನ ಜೂನಿಯರ್‌ಗಳು ವಾರಕ್ಕೊಬ್ಬರಾದರೂ ಮೆಸೇಜ್ ಮಾಡುತ್ತಾರೆ. "ಅಕ್ಕಾ, ಫಾರಿನ್ ಕಂಪನಿ ಇಂಟರ್ನ್‌ಶಿಪ್ ಹೆಂಗೆ ಸಿಕ್ತು? ಯಾವ ಕೋರ್ಸ್ ಮಾಡಿದ್ರಿ? ಲಿಂಕ್ ಕಳಿಸ್ರಿ." ಲಿಂಕ್ ಕಳಿಸಿದರೆ ಮುಗಿಯುವ ವಿಷಯ ಆಗಿದ್ದರೆ ಯಾವತ್ತೋ ಕಳಿಸುತ್ತಿದ್ದೆ. ಅದಕ್ಕೇ ಒಂದೇ ಸಲ ಕೂತು ಎಲ್ಲಾ ಬರೆದುಬಿಡುತ್ತೇನೆ.

ನಾನು ಬಿ.ಕಾಂ ಕೊನೆಯ ವರ್ಷದಲ್ಲಿದ್ದಾಗ ಜನವರಿಯಿಂದ ಏಪ್ರಿಲ್‌ವರೆಗೆ ಇಂಗ್ಲೆಂಡಿನ ಒಂದು ಚಿಕ್ಕ ಮಾರ್ಕೆಟಿಂಗ್ ಏಜೆನ್ಸಿಗೆ ಕೆಲಸ ಮಾಡಿದೆ. ಕೂತಿದ್ದು ವಿನೋಬನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ. ವೀಸಾ ಇಲ್ಲ, ವಿಮಾನ ಇಲ್ಲ. ವಾರಕ್ಕೆ 15 ಗಂಟೆ ಕೆಲಸ, ಸ್ವಲ್ಪ ಸ್ಟೈಪೆಂಡ್. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ನನಗೆ ಆ ಕೆಲಸ ಕೊಡಿಸಿದ್ದು ಸರ್ಟಿಫಿಕೇಟ್ ಅಲ್ಲ, ಚೌಕಿಪೇಟೆಯಲ್ಲಿರುವ ನಮ್ಮ ಮಾವನ ಬಟ್ಟೆ ಅಂಗಡಿ. ಹೇಗೆ ಅಂತ ಹೇಳುತ್ತೇನೆ.

ವೀಸಾ ಬೇಕಾ?

ನೀವು ಇಲ್ಲೇ ಕೂತು ಅಲ್ಲಿನ ಕಂಪನಿಗೆ ಕೆಲಸ ಮಾಡುವುದಾದರೆ ಆ ದೇಶದ ವೀಸಾ ಬೇಡ. ನೀವು ಆ ದೇಶಕ್ಕೆ ಕಾಲಿಡುತ್ತಲೇ ಇಲ್ಲವಲ್ಲ. ಆದರೆ "ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ, ಇಲ್ಲಿ ಇಂಟರ್ನ್‌ಶಿಪ್ ಮಾಡಿಸುತ್ತೇವೆ" ಅಂತ ಯಾರಾದರೂ ಹೇಳಿದರೆ ಅಲ್ಲೇ ಮಾತು ನಿಲ್ಲಿಸಿ. ಬ್ರಿಟನ್ ಆಗಲಿ ಅಮೆರಿಕ ಆಗಲಿ, ವಿಸಿಟರ್ ವೀಸಾದಲ್ಲಿ ಹೋಗಿ ಇಂಟರ್ನ್‌ಶಿಪ್ ಮಾಡೋ ಹಾಗಿಲ್ಲ.

ಜಾಹೀರಾತು ಓದುವಾಗಲೂ ಹುಷಾರಾಗಿರಿ. "ರಿಮೋಟ್" ಅಂದ ತಕ್ಷಣ ಎಲ್ಲಿಂದ ಬೇಕಾದರೂ ಮಾಡಬಹುದು ಅಂತ ಅಲ್ಲ. ಪಕ್ಕದಲ್ಲಿ "ಯುಕೆ" ಅಥವಾ "ಯುಎಸ್ ಓನ್ಲಿ" ಅಂತ ಇದ್ದರೆ ಆ ದೇಶದೊಳಗೆ ಇರುವವರಿಗೆ ಮಾತ್ರ. "ರೈಟ್ ಟು ವರ್ಕ್" (ಆ ದೇಶದಲ್ಲಿ ಕೆಲಸ ಮಾಡುವ ಹಕ್ಕು) ಇರಬೇಕು ಅಂತ ಬರೆದಿದ್ದರೂ ಅದೇ ಅರ್ಥ. ದೊಡ್ಡ ಹೆಸರಿನ ಕಂಪನಿಗಳ ಇಂಟರ್ನ್‌ಶಿಪ್‌ಗಳಲ್ಲಿ ಈ ಸಾಲು ಇದ್ದೇ ಇರುತ್ತದೆ. ಮೊದಲ ಎರಡು ವಾರ ನಾನು ಇದು ಗೊತ್ತಿಲ್ಲದೆ ಅರ್ಜಿ ಹಾಕಿ ಹಾಕಿ ಸುಸ್ತಾದೆ, ಒಂದಕ್ಕೂ ಉತ್ತರ ಬರಲಿಲ್ಲ. ನೀವು ಹುಡುಕಬೇಕಾದ ಪದ "ವರ್ಲ್ಡ್‌ವೈಡ್" ಅಥವಾ "ಎನಿವೇರ್".

ಕಲಿಕೆಗೆ ದುಡ್ಡು ಸುರಿಯಬೇಡಿ

ಊರಲ್ಲಿ ಮೂವತ್ತು ನಲವತ್ತು ಸಾವಿರ ತಗೊಂಡು ಡಿಜಿಟಲ್ ಮಾರ್ಕೆಟಿಂಗ್ ಕಲಿಸುವವರು ಇದ್ದಾರೆ. ಎಲ್ಲರೂ ಮೋಸ ಅಂತ ನಾನು ಹೇಳಲ್ಲ. ಆದರೆ ಅವರು ಹೇಳಿಕೊಡುವ ಮುಕ್ಕಾಲು ಭಾಗ ಪುಕ್ಕಟೆ ಸಿಗುತ್ತದೆ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಗೂಗಲ್ ಆಡ್ಸ್ (ಜಾಹೀರಾತು), ಅನಾಲಿಟಿಕ್ಸ್ (ವೆಬ್‌ಸೈಟಿಗೆ ಎಷ್ಟು ಜನ, ಎಲ್ಲಿಂದ ಬಂದರು ಅಂತ ಲೆಕ್ಕ ಇಡುವುದು) ಎರಡರ ಪಾಠವೂ ಇದೆ, ಪರೀಕ್ಷೆಯೂ ಇದೆ. ಆಡ್ಸ್ ಪರೀಕ್ಷೆಯಲ್ಲಿ 80 ಪರ್ಸೆಂಟ್ ಬಂದರೆ ಪಾಸ್, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಹಬ್‌ಸ್ಪಾಟ್ ಅಕಾಡೆಮಿಯಲ್ಲಿ ಕಂಟೆಂಟ್ ಮತ್ತು ಇಮೇಲ್ ಬಗ್ಗೆ ಚೆನ್ನಾಗಿ ಕಲಿಸುತ್ತಾರೆ. ಸೆಮ್‌ರಷ್ ಅಕಾಡೆಮಿಯಲ್ಲಿ ಎಸ್‌ಇಒ ಇದೆ, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ಜಾಹೀರಾತು ಇಲ್ಲದೆಯೇ ನಮ್ಮ ವೆಬ್‌ಸೈಟ್ ಮೇಲೆ ಕಾಣುವ ಹಾಗೆ ಮಾಡುವ ಕೆಲಸ.

ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಅನಾಲಿಟಿಕ್ಸ್ ಕಲಿಯುವಾಗ ವಿಡಿಯೋ ಯಾವಾಗಿನದು ನೋಡಿ. ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಡೇಟಾ ತಗೊಳ್ಳುವುದನ್ನೇ ನಿಲ್ಲಿಸಿತು. ಈಗ ಇರುವುದು ಜಿಎ4, ಅಂದರೆ ಗೂಗಲ್ ಅನಾಲಿಟಿಕ್ಸ್ 4. ನನ್ನ ಗೆಳತಿಯೊಬ್ಬಳಿಗೆ ಕ್ಲಾಸಿನಲ್ಲಿ ಕೊಟ್ಟ ನೋಟ್ಸ್ ಇನ್ನೂ ಹಳೆಯದರದ್ದೇ ಇತ್ತು, ಪಾಪ ಅದನ್ನೇ ಬಾಯಿಪಾಠ ಮಾಡುತ್ತಿದ್ದಳು. ಕೈ ಪಳಗಿಸಲು ಗೂಗಲ್ ಮರ್ಚಂಡೈಸ್ ಸ್ಟೋರ್‌ನ ಡೆಮೊ ಅಕೌಂಟ್ ಇದೆ. ನಿಜವಾದ ಅಂಗಡಿಯ ನಿಜವಾದ ಡೇಟಾ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು.

ಎಲ್ಲವನ್ನೂ ಕಲಿಯಲು ಹೋಗಬೇಡಿ. ಎಸ್‌ಇಒ, ಜಾಹೀರಾತು, ಇಮೇಲ್, ಸೋಶಿಯಲ್ ಮೀಡಿಯಾ, ರಿಪೋರ್ಟಿಂಗ್, ಇವುಗಳಲ್ಲಿ ಒಂದನ್ನು ಹಿಡಿಯಿರಿ. ನಾನು ಎಸ್‌ಇಒ ಹಿಡಿದೆ, ಕಾರಣ ಅದಕ್ಕೆ ದುಡ್ಡು ಬೇಡ. ಒಂದೂವರೆ ತಿಂಗಳು ದಿನಕ್ಕೆ ಒಂದು ಗಂಟೆ ಕೂತರೆ ಸಾಕು. ಆಮೇಲೆ ಕೋರ್ಸ್ ನಿಲ್ಲಿಸಿ.

ಹೌದು, ನಿಲ್ಲಿಸಿ. ಸರ್ಟಿಫಿಕೇಟ್ ಮೇಲೆ ಸರ್ಟಿಫಿಕೇಟ್ ಪೇರಿಸುತ್ತಾ ಹೋಗುವುದು ಒಂಥರಾ ಚಟ. ಕೆಲಸ ಮಾಡುತ್ತಿದ್ದೇವೆ ಅನ್ನಿಸುತ್ತದೆ, ಮಾಡಿದ್ದು ಏನೂ ಇರಲ್ಲ.

ಪಕ್ಕದ ಅಂಗಡಿಯೇ ನಿಮ್ಮ ಮೊದಲ ಕಂಪನಿ

ಮಾವನ ಅಂಗಡಿ ಶುರುವಾಗಿ ಇಪ್ಪತ್ತು ವರ್ಷ ಮೇಲಾಯಿತು. ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದರೆ ಅಂಗಡಿ ಸಿಗುತ್ತಿರಲಿಲ್ಲ, ಪಕ್ಕದ ಪಾತ್ರೆ ಅಂಗಡಿ ಸಿಗುತ್ತಿತ್ತು. "ಮಾವಾ, ಮೂರು ತಿಂಗಳು ನನ್ನ ಕೈಗೆ ಕೊಡಿ, ದುಡ್ಡು ಬೇಡ" ಅಂದೆ. ಅವರು ನಕ್ಕು, "ಏನಾರ ಮಾಡ್ಕೋ, ಗಿರಾಕಿ ಇದ್ದಾಗ ಮಾತ್ರ ತಲೆ ತಿನ್ನಬ್ಯಾಡ" ಅಂದರು.

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿದೆ, ಅಂದರೆ ಗೂಗಲ್‌ನಲ್ಲಿ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ಕಾಣಿಸುವ ಪುಟ. ವೆರಿಫಿಕೇಶನ್‌ಗೆ ಅಂಗಡಿಯ ಬೋರ್ಡು, ಬೀದಿ, ಒಳಗಿನ ಗಲ್ಲಾಪೆಟ್ಟಿಗೆ ಎಲ್ಲಾ ಕಾಣುವ ಹಾಗೆ ಒಂದು ವಿಡಿಯೋ ತೆಗೆದೆವು. ಓನರ್ ಅಂತ ಮಾವನ ಮೇಲ್ ಹಾಕಿ, ನನ್ನದು ಮ್ಯಾನೇಜರ್ ಅಂತ ಸೇರಿಸಿದೆ. ಇದು ಮುಖ್ಯ. ಇನ್ನೊಬ್ಬರ ಆಸ್ತಿಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಬೇಡಿ, ಮುಂದೆ ಅದು ದೊಡ್ಡ ಜಗಳ ಆಗುತ್ತದೆ.

ಆಮೇಲೆ ಸ್ಪೆಲ್ಲಿಂಗ್. ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರೆ, ಗಮನಿಸಿದ್ದೀರಾ? ಜಿಲ್ಲಾಡಳಿತದ ವೆಬ್‌ಸೈಟಿನಲ್ಲಿ "ಣ" ಆದ ಮೇಲೆ ಒಂದು "ಎ" ಅಕ್ಷರ ಇದೆ, ಯೂನಿವರ್ಸಿಟಿಯ ಹೆಸರಿನಲ್ಲಿ ಅದು ಇಲ್ಲ. ಜನ ಯಾವುದನ್ನು ಟೈಪ್ ಮಾಡುತ್ತಾರೆ? ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ ನೋಡಿದೆ. ಎರಡನ್ನೂ ಹುಡುಕುತ್ತಾರೆ. ಹಾಗಾಗಿ ಅಂಗಡಿಯ ವಿವರಣೆಯಲ್ಲಿ ಒಂದು, ಮಾವನ ಒಂದೇ ಪುಟದ ವೆಬ್‌ಸೈಟಿನ ಟೈಟಲ್‌ನಲ್ಲಿ ಇನ್ನೊಂದು ಬಳಸಿದೆ. ಆರು ತಿಂಗಳಾದ ಮೇಲೆ ನನಗೆ ಇದೇ ಕೆಲಸ ಇಂಗ್ಲೆಂಡಿನ ಗಿರಾಕಿಗಳಿಗೆ ಮಾಡಬೇಕಾಗಿ ಬಂತು. ಜನ ಒಂದೇ ವಸ್ತುವನ್ನು ಯಾವ ಯಾವ ಹೆಸರಿನಲ್ಲಿ ಹುಡುಕುತ್ತಾರೆ ಅಂತ ಪಟ್ಟಿ ಮಾಡುವುದು, ಅಷ್ಟೆ. ಅದಕ್ಕೆ ಅವರು ಕೀವರ್ಡ್ ರಿಸರ್ಚ್ ಅನ್ನುತ್ತಾರೆ.

ವಾಟ್ಸಾಪ್‌ನಲ್ಲಿ ಕಳಿಸುವ ಲಿಂಕ್‌ಗೆ ಒಂದು, ಬಟ್ಟೆ ಕವರ್ ಮೇಲೆ ಅಂಟಿಸಿದ ಕ್ಯೂಆರ್ ಕೋಡ್‌ಗೆ ಇನ್ನೊಂದು ಯುಟಿಎಂ ಟ್ಯಾಗ್ ಹಾಕಿದೆ. ಯುಟಿಎಂ ಅಂದರೆ ಲಿಂಕಿನ ಬಾಲ. ಈ ಮನುಷ್ಯ ಎಲ್ಲಿಂದ ಬಂದ, ಯಾವ ದಾರಿಯಲ್ಲಿ ಬಂದ, ಯಾವ ಪ್ರಚಾರಕ್ಕೆ ಬಂದ ಅಂತ ಆ ಬಾಲ ಹೇಳುತ್ತದೆ. ಕವರ್ ಮೇಲಿನ ಕ್ಯೂಆರ್ ಕೋಡನ್ನು ಯಾರೂ ಮುಟ್ಟಲಿಲ್ಲ, ಎರಡು ತಿಂಗಳಲ್ಲಿ ಸ್ಕ್ಯಾನ್ ಮಾಡಿದವರು ಮೂರು ಜನ, ಅದರಲ್ಲಿ ಒಬ್ಬಳು ನಾನು! ಆದರೆ ಫೋನ್ ಬಟನ್ ಒತ್ತಿದವರು ಸೆಪ್ಟೆಂಬರ್‌ನಲ್ಲಿ 9 ಜನ ಇದ್ದದ್ದು ನವೆಂಬರ್‌ನಲ್ಲಿ 23 ಆಯಿತು.

ಇದನ್ನೆಲ್ಲಾ ಎರಡು ಪುಟದಲ್ಲಿ ಬರೆದೆ. ಮೊದಲು ಹೇಗಿತ್ತು, ಏನು ಮಾಡಿದೆ, ಏನಾಯಿತು, ಯಾವುದು ಕೈಕೊಟ್ಟಿತು, ಮೂರು ಸ್ಕ್ರೀನ್‌ಶಾಟ್. ಕೊನೆಗೆ ಒಂದು ಸಾಲು: ನವೆಂಬರ್‌ನಲ್ಲಿ ಕಾರ್ತಿಕದ ಮದುವೆ ಸೀಸನ್ ಇತ್ತು, ಹಾಗಾಗಿ ಹೆಚ್ಚಿದ ಕರೆಗಳಲ್ಲಿ ಎಷ್ಟು ನನ್ನಿಂದ, ಎಷ್ಟು ಮದುವೆಗಳಿಂದ ಅಂತ ಹೇಳಲು ಆಗುವುದಿಲ್ಲ. ಈ ಸಾಲು ಹಾಕಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದ್ದೆ. ಇಂಟರ್‌ವ್ಯೂನಲ್ಲಿ ಅವರು ಹೆಚ್ಚು ಹೊತ್ತು ಮಾತಾಡಿದ್ದೇ ಈ ಸಾಲಿನ ಬಗ್ಗೆ.

ನಿಮಗೆ ಅಂಗಡಿ ಇಟ್ಟಿರೋ ಮಾವ ಇಲ್ಲದಿದ್ದರೆ ಬೆಣ್ಣೆ ದೋಸೆ ಹೋಟೆಲ್ ಇದೆ, ಮಂಡಕ್ಕಿ ಭಟ್ಟಿ ಇದೆ, ಟ್ಯೂಷನ್ ನಡೆಸುವ ಮೇಷ್ಟ್ರು ಇದ್ದಾರೆ, ಚಿತ್ರದುರ್ಗದವರಾದರೆ ಕೋಟೆ ನೋಡಲು ಬರುವವರನ್ನೇ ನಂಬಿಕೊಂಡ ಹೋಮ್‌ಸ್ಟೇ, ಆಟೋ, ಗೈಡ್‌ಗಳು ಇದ್ದಾರೆ. ಕೇಳಿದರೆ ಹತ್ತರಲ್ಲಿ ಒಬ್ಬರು "ಆಯ್ತು ಮಾಡಪ್ಪ" ಅನ್ನುತ್ತಾರೆ.

ಎಲ್ಲಿ ಹುಡುಕಬೇಕು, ಏನು ಬರೆಯಬೇಕು

ಲಿಂಕ್ಡ್‌ಇನ್ ಎಲ್ಲರಿಗೂ ಗೊತ್ತು. ವೆಲ್‌ಫೌಂಡ್‌ನಲ್ಲಿ ಸ್ಟಾರ್ಟಪ್‌ಗಳು ಸಿಗುತ್ತವೆ. ರಿಮೋಟ್ ಓಕೆ, ವಿ ವರ್ಕ್ ರಿಮೋಟ್ಲಿ ಎರಡನ್ನೂ ನೋಡಿ, ಆದರೆ ಅಲ್ಲಿ ಅನುಭವ ಇರುವವರ ಕೆಲಸವೇ ಜಾಸ್ತಿ. ಇಂಟರ್ನ್‌ಶಾಲಾದಲ್ಲೂ ಆಗಾಗ ಹೊರದೇಶದ ಕಂಪನಿಗಳು ಬರುತ್ತವೆ.

ನನಗೆ ಸಿಕ್ಕಿದ್ದು ಇದ್ಯಾವುದರಲ್ಲೂ ಅಲ್ಲ. ಐದರಿಂದ ಇಪ್ಪತ್ತು ಜನ ಇರುವ ಚಿಕ್ಕ ಏಜೆನ್ಸಿಗಳನ್ನು ಹುಡುಕಿ ಅವರ ವೆಬ್‌ಸೈಟಿನಲ್ಲಿದ್ದ ವಿಳಾಸಕ್ಕೆ ನೇರ ಮೇಲ್ ಹಾಕಿದೆ. ಅವರಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇರಲ್ಲ, ಓನರೇ ಓದುತ್ತಾರೆ. ಒಟ್ಟು 31 ಮೇಲ್, ನಾಲ್ಕು ಉತ್ತರ, ಎರಡು ಕಾಲ್, ಒಂದು ಕೆಲಸ.

ಮೇಲ್ ಇಂಗ್ಲಿಷಿನಲ್ಲಿ ಕಳಿಸಬೇಕು, ಸರಿ. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಏನು ಹೇಳಬೇಕು ಅನ್ನುವುದು ತಲೆಯಲ್ಲಿ ಸ್ಪಷ್ಟ ಆಗುತ್ತದೆ. ನನ್ನದು ಹೀಗಿತ್ತು:

"ನಾನು ಭಾರತದ ದಾವಣಗೆರೆಯ ಬಿ.ಕಾಂ ವಿದ್ಯಾರ್ಥಿನಿ. ನಿಮ್ಮ ವೆಬ್‌ಸೈಟಿನ ಆರು ಪುಟಗಳಿಗೆ ಒಂದೇ ಟೈಟಲ್ ಇದೆ, ಎರಡು ಲಿಂಕ್ ತೆರೆಯುತ್ತಿಲ್ಲ. ಪಟ್ಟಿಯನ್ನು ಈ ಶೀಟ್‌ನಲ್ಲಿ ಹಾಕಿದ್ದೇನೆ. ನಮ್ಮ ಊರಿನ ಬಟ್ಟೆ ಅಂಗಡಿಗೆ ಮೂರು ತಿಂಗಳು ಮಾಡಿದ ಕೆಲಸದ ಎರಡು ಪುಟದ ವರದಿ ಇಲ್ಲಿದೆ. ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆ 15 ಗಂಟೆ, ನಿಮ್ಮ ಬೆಳಗ್ಗೆ 9ರಿಂದ 12ರವರೆಗೆ ಕೆಲಸ ಮಾಡಬಲ್ಲೆ. ಭಾರತದಿಂದಲೇ ಮಾಡುವುದರಿಂದ ವೀಸಾ ಬೇಕಿಲ್ಲ. ಇಂಟರ್ನ್ ಬೇಕಿದ್ದರೆ 15 ನಿಮಿಷ ಮಾತಾಡೋಣವೇ?"

ಅಷ್ಟೆ. "ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್" ಅಂತೆಲ್ಲ ಬೇಡ, ಹೆಸರು ಹಿಡಿದೇ ಬರೆಯಿರಿ. ಅಲ್ಲಿ ಅದು ಅಗೌರವ ಅಲ್ಲ. ನನಗೆ ಮೊದಮೊದಲು ನಮ್ಮ ಅಪ್ಪನ ವಯಸ್ಸಿನವರನ್ನು ಬರೀ ಹೆಸರಿನಲ್ಲಿ ಕರೆಯಲು ಕೈಯೇ ಬರುತ್ತಿರಲಿಲ್ಲ.

ವೆಬ್‌ಸೈಟಿನ ತಪ್ಪು ಕಂಡುಹಿಡಿಯುವುದು ಹೇಗೆ ಅಂತ ಕೇಳಬಹುದು. ಸ್ಕ್ರೀಮಿಂಗ್ ಫ್ರಾಗ್ ಅಂತ ಒಂದು ಸಾಫ್ಟ್‌ವೇರ್ ಇದೆ, 500 ವಿಳಾಸಗಳವರೆಗೆ ಪುಕ್ಕಟೆ. ಚಿಕ್ಕ ಕಂಪನಿಯ ವೆಬ್‌ಸೈಟಿಗೆ ಧಾರಾಳ ಆಯಿತು. ತಪ್ಪು ತೋರಿಸುವಾಗ ಮೇಷ್ಟ್ರ ಥರ ಬರೆಯಬೇಡಿ, ನೋಡಿದ್ದನ್ನು ಹೇಳಿ ಸುಮ್ಮನಾಗಿ.

ಮೋಸ ಎಲ್ಲಿರುತ್ತದೆ

ಇಂಟರ್ನ್‌ಶಿಪ್ ಕೊಡಲು ದುಡ್ಡು ಕೇಳಿದರೆ ಅದು ಇಂಟರ್ನ್‌ಶಿಪ್ ಅಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್ ಕಿಟ್, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಏನೇ ಇರಲಿ. ಟೆಲಿಗ್ರಾಮ್‌ನಲ್ಲಿ ವಿಡಿಯೋ ಲೈಕ್ ಮಾಡಿದರೆ ದುಡ್ಡು ಅಂತ ಬರುವುದನ್ನೂ "ಡಿಜಿಟಲ್ ಮಾರ್ಕೆಟಿಂಗ್ ವರ್ಕ್" ಅಂತಲೇ ಕರೆಯುತ್ತಾರೆ. ಮೊದಲು ನೂರಿನ್ನೂರು ಹಾಕಿ ನಂಬಿಸುತ್ತಾರೆ, ಆಮೇಲೆ ನಿಮ್ಮಿಂದ ಕಟ್ಟಿಸಿಕೊಳ್ಳುತ್ತಾರೆ. ದುಡ್ಡು ಹೋಗಿದ್ದರೆ ನಾಚಿಕೆ ಪಟ್ಟು ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ, ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು.

ಕಂಪನಿ ನಿಜವಾಗಿ ಇದೆಯಾ ಅಂತ ನೋಡುವುದು ಸುಲಭ. ಬ್ರಿಟನ್ನಿನದಾದರೆ ಕಂಪನೀಸ್ ಹೌಸ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ. ಯಾವಾಗ ಶುರುವಾಯಿತು, ಡೈರೆಕ್ಟರ್ ಯಾರು, ಲೆಕ್ಕಪತ್ರ ಕೊಟ್ಟಿದ್ದಾರಾ, ಎಲ್ಲಾ ಪುಕ್ಕಟೆ ಕಾಣುತ್ತದೆ. ಆಸ್ಟ್ರೇಲಿಯಾಕ್ಕೆ ಎಬಿಎನ್ ಲುಕಪ್ ಇದೆ. ಅಮೆರಿಕದಲ್ಲಿ ಆಯಾ ರಾಜ್ಯದ ದಾಖಲೆ ಬೇರೆ ಬೇರೆ ಇರುತ್ತದೆ. ಕಂಪನಿ ನಿಜವಾಗಿದ್ದು ಮೇಲ್ ಮಾತ್ರ ಜಿಮೇಲ್‌ನಿಂದ ಬಂದಿದ್ದರೆ, ಅವರ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ ಬರೆದು "ಇವರು ನಿಮ್ಮವರೇನಾ?" ಅಂತ ಕೇಳಿ.

ಇನ್ನೊಂದು ಥರದ ಮೋಸ ಇದೆ, ಅದಕ್ಕೆ ದುಡ್ಡು ಹೋಗಲ್ಲ, ಬೆವರು ಹೋಗುತ್ತದೆ. "ಟೆಸ್ಟ್" ಅಂತ ಹೇಳಿ ಒಂದು ತಿಂಗಳ ಪೋಸ್ಟ್‌ಗಳನ್ನೆಲ್ಲ ಬರೆಸಿಕೊಂಡು ನಾಪತ್ತೆ ಆಗುತ್ತಾರೆ. ನನಗೂ ಒಬ್ಬರು ಹಾಗೆ ಮಾಡಿದರು. ಎರಡು ಗಂಟೆಯಲ್ಲಿ ಮುಗಿಯುವ ಟೆಸ್ಟ್ ಆದರೆ ಮಾಡಿ. ಅದಕ್ಕಿಂತ ದೊಡ್ಡದಾದರೆ ಒಂದು ಸ್ಯಾಂಪಲ್ ಕೊಟ್ಟು, ಉಳಿದದ್ದು ಸೇರಿದ ಮೇಲೆ ಅನ್ನಿ.

ಕಾಗದಪತ್ರ

ಕಾಲೇಜಿಗೆ ಮೊದಲೇ ಹೇಳಿ. ಈ ಇಂಟರ್ನ್‌ಶಿಪ್ ನಿಮ್ಮ ಕೋರ್ಸಿನ ಲೆಕ್ಕಕ್ಕೆ ಬರುತ್ತದಾ, ಎಷ್ಟು ವಾರ ಬೇಕು, ಯಾವ ನಮೂನೆಯಲ್ಲಿ ಸರ್ಟಿಫಿಕೇಟ್ ಬೇಕು ಅಂತ ಎಚ್‌ಒಡಿ ಹತ್ತಿರ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಮುಗಿದ ಮೇಲೆ ಕೇಳಿದರೆ "ಸೀಲ್ ಇಲ್ಲ" ಅನ್ನುತ್ತಾರೆ. ಅಲ್ಲಿನ ಕಂಪನಿಗಳಲ್ಲಿ ರಬ್ಬರ್ ಸ್ಟಾಂಪ್ ಅನ್ನುವ ಪದ್ಧತಿಯೇ ಹೆಚ್ಚು ಕಡಿಮೆ ಇಲ್ಲ. ನಮ್ಮ ಮ್ಯಾನೇಜರ್‌ಗೆ ಸ್ಟಾಂಪ್ ಅಂದರೆ ಏನು, ಯಾಕೆ ಅಂತ ವಿವರಿಸಲು ನನಗೆ ಒಂದು ಇಡೀ ಕಾಲ್ ಹಿಡಿಯಿತು.

ಆಫರ್ ಲೆಟರ್‌ನಲ್ಲಿ ಎಷ್ಟು ಗಂಟೆ, ಎಲ್ಲಿಂದ ಎಲ್ಲಿಯವರೆಗೆ, ಯಾರ ಕೈಕೆಳಗೆ, ದುಡ್ಡು ಎಷ್ಟು, ಮಾಡಿದ ಕೆಲಸವನ್ನು ಮುಂದೆ ಬೇರೆಯವರಿಗೆ ತೋರಿಸಬಹುದಾ, ಇಷ್ಟು ಇರಲಿ. ದುಡ್ಡು ಇಲ್ಲದ ಇಂಟರ್ನ್‌ಶಿಪ್ ಮಾಡಬೇಕಾ? ನನ್ನ ಅಭಿಪ್ರಾಯ: ಒಂದು ತಿಂಗಳು, ಕಲಿಸುವವರು ಇದ್ದರೆ, ಸರಿ. ಆರು ತಿಂಗಳು ಪುಕ್ಕಟೆ ದುಡಿಸಿಕೊಳ್ಳುವವರು ಕಲಿಸುತ್ತಿಲ್ಲ, ಉಳಿಸುತ್ತಿದ್ದಾರೆ.

ದುಡ್ಡು ಬರುವುದಕ್ಕೆ ಪ್ಯಾನ್ ಜೋಡಿಸಿದ ನಿಮ್ಮದೇ ಬ್ಯಾಂಕ್ ಖಾತೆ ಬೇಕು. ನೇರ ಬ್ಯಾಂಕಿಗೆ ಕಳಿಸುವುದಾದರೆ ಸ್ವಿಫ್ಟ್ ಕೋಡ್ (ಹೊರದೇಶದಿಂದ ಹಣ ಕಳಿಸುವಾಗ ನಿಮ್ಮ ಬ್ಯಾಂಕನ್ನು ಗುರುತಿಸುವ ಕೋಡ್) ಕೇಳುತ್ತಾರೆ. ಎಲ್ಲಾ ಬ್ರಾಂಚಿಗೂ ಅದು ಇರಲ್ಲ, ದೊಡ್ಡ ಬ್ರಾಂಚಿನದನ್ನು ಕೊಡಬೇಕಾಗುತ್ತದೆ. ಬಂದ ದುಡ್ಡಿಗೆ ಬ್ಯಾಂಕಿನವರು ಪರ್ಪಸ್ ಕೋಡ್ ಕೇಳುತ್ತಾರೆ, ಅಂದರೆ ಈ ಹಣ ಯಾವ ಕೆಲಸಕ್ಕೆ ಬಂತು ಅಂತ. ಆಫರ್ ಲೆಟರ್ ಪ್ರಿಂಟ್ ತಗೊಂಡು ಹೋಗಿ. ಕೌಂಟರ್‌ನಲ್ಲಿ "ಇಂಗ್ಲೆಂಡಿಂದ ಯಾರಮ್ಮ ಕಳಿಸಿದ್ದು?" ಅಂತ ಜೋರಾಗಿ ಕೇಳಿ ಇಡೀ ಬ್ಯಾಂಕೇ ತಿರುಗಿ ನೋಡಿದ್ದು ನನ್ನ ಅನುಭವ. ವೈಸ್, ಪೇಪಾಲ್ ಥರದವುಗಳಲ್ಲಿ ಬಂದರೆ ಶುಲ್ಕದ ಜೊತೆಗೆ ರೂಪಾಯಿಗೆ ಬದಲಾಯಿಸುವ ದರವನ್ನೂ ನೋಡಿ, ಅಲ್ಲೇ ಜಾಸ್ತಿ ಹೋಗುವುದು. ಅಮೆರಿಕದ ಕಂಪನಿ ಆದರೆ ಡಬ್ಲ್ಯೂ-8 ಬೆನ್ ಫಾರ್ಮ್ ತುಂಬಲು ಹೇಳಬಹುದು. ನೀವು ಅಮೆರಿಕದ ತೆರಿಗೆದಾರರಲ್ಲ ಅಂತ ಬರೆದುಕೊಡುವ ಕಾಗದ ಅದು, ಗಾಬರಿ ಬೇಡ.

ತೆರಿಗೆ ವಿಷಯಕ್ಕೆ ಬಂದರೆ, ಹೊರದೇಶದಿಂದ ಬಂದದ್ದೂ ಆದಾಯವೇ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಇಂಟರ್ನ್ ಸ್ಟೈಪೆಂಡ್ ಅಷ್ಟು ದೂರ ಹೋಗುವುದು ಕಷ್ಟ. ಆದರೂ ಮನೆಯ ಲೆಕ್ಕ ನೋಡುವ ಆಡಿಟರ್ ಇದ್ದರೆ ಒಂದು ಮಾತು ಕೇಳಿಡಿ.

ಗಡಿಯಾರ, ಕರೆಂಟು, ಕುಕ್ಕರ್

ಕೆಲಸಕ್ಕಿಂತ ನನ್ನನ್ನು ಜಾಸ್ತಿ ಗೋಳು ಹೊಯ್ದುಕೊಂಡದ್ದು ಟೈಮು. ಚಳಿಗಾಲದಲ್ಲಿ ಇಂಗ್ಲೆಂಡ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ನಮ್ಮ ದಿನದ ಮೀಟಿಂಗ್ ಅವರ ಬೆಳಗ್ಗೆ ಒಂಬತ್ತೂವರೆಗೆ, ನನಗೆ ಮಧ್ಯಾಹ್ನ ಮೂರಕ್ಕೆ. ಮಾರ್ಚ್ ಕೊನೆಯ ಆ ಸೋಮವಾರ ನಾನು ಎಂದಿನಂತೆ ತಲೆ ಬಾಚಿಕೊಂಡು ಮೂರಕ್ಕೆ ಸರಿಯಾಗಿ ಸೇರಿದೆ. ಮೀಟಿಂಗ್ ಎರಡಕ್ಕೇ ಶುರುವಾಗಿ ಮುಗಿದುಹೋಗಿತ್ತು. ಅಮೆರಿಕದವರು ಬೇರೆ ದಿನ ಬದಲಾಯಿಸುತ್ತಾರೆ, ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಕ್ಯಾಲೆಂಡರಿನಲ್ಲಿ ಮೀಟಿಂಗನ್ನು ಅವರ ಊರಿನ ಟೈಮ್‌ಜೋನ್‌ನಲ್ಲೇ ಹಾಕಿಡಿ, ಅದೇ ಸರಿಮಾಡಿಕೊಳ್ಳುತ್ತದೆ.

ದೇಶ ಆರಿಸುವಾಗಲೇ ಇದನ್ನು ಲೆಕ್ಕ ಹಾಕಿ. ಜರ್ಮನಿಯ ಬೆಳಗ್ಗೆ 9 ಅಂದರೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಒಂದೂವರೆ. ನ್ಯೂಯಾರ್ಕಿನ 9 ಅಂದರೆ ಸಂಜೆ ಏಳೂವರೆ. ಕ್ಯಾಲಿಫೋರ್ನಿಯಾದ 9 ಅಂದರೆ ರಾತ್ರಿ ಹತ್ತೂವರೆ. ಸಿಂಗಾಪುರದ 9 ಅಂದರೆ ಬೆಳಗ್ಗೆ ಆರೂವರೆ, ಕಾಲೇಜಿಗೆ ಮುಂಚೆ ಎರಡು ಗಂಟೆ ಸಿಗುತ್ತದೆ. ಬೆಳಗ್ಗೆ ಕ್ಲಾಸ್ ಇರುವವರಿಗೆ ಯುರೋಪ್ ಕಡೆಯದೇ ಹದವಾಗಿ ಹೊಂದುತ್ತದೆ. ಕ್ಯಾಲಿಫೋರ್ನಿಯಾ ಹಿಡಿದು ಸೆಮಿಸ್ಟರ್ ಪರೀಕ್ಷೆ ಬರೆಯಲು ಹೋಗಬೇಡಿ, ಸತ್ತೇ ಹೋಗುತ್ತೀರಿ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ವೈಫೈ ಸಾಯುತ್ತದೆ. ರೌಟರ್‌ಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ, ಕೊಳ್ಳಿ. ರೌಟರ್ ಹಿಂದೆ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ, ಅದನ್ನು ನೋಡಿಕೊಂಡೇ ಹೋಗಿ. ಮೊಬೈಲ್ ಡೇಟಾ ಬೇರೆ ಕಂಪನಿಯದು ಇರಲಿ, ಎರಡೂ ಒಟ್ಟಿಗೆ ಕೈಕೊಡುವುದು ಕಡಿಮೆ. ಪೇಪರಿನಲ್ಲಿ "ಇಂದು ವಿದ್ಯುತ್ ವ್ಯತ್ಯಯ" ಅಂತ ಬರುತ್ತದಲ್ಲ, ಜೀವನದಲ್ಲಿ ಮೊದಲ ಸಲ ನಾನು ಅದನ್ನು ದಿನಾ ಓದಿದೆ. ಅಮ್ಮನಿಗೆ ಮಧ್ಯಾಹ್ನ ಮೂರರಿಂದ ಮೂರೂವರೆ ಕುಕ್ಕರ್ ಇಡಬೇಡ ಅಂತ ಹೇಳಿದ್ದೆ. ಬೀದಿ ಕೊನೆಯ ಮದುವೆ ಮನೆಯ ಡಿಜೆಗೆ ಮಾತ್ರ ಯಾವ ಉಪಾಯವೂ ಇಲ್ಲ, ಮೈಕ್ ಮ್ಯೂಟ್ ಮಾಡಿ ಚಾಟ್‌ನಲ್ಲಿ ಬರೆಯಿರಿ.

ನಮ್ಮ ಹಬ್ಬ ಅವರ ಕ್ಯಾಲೆಂಡರಿನಲ್ಲಿ ಇರಲ್ಲ. ರಜೆ ಬೇಕಾದ ದಿನಗಳನ್ನು ಸೇರಿದ ವಾರವೇ ಹೇಳಿಬಿಡಿ. ನನ್ನ ವರ್ಷವೇ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ನಡೆಯುವ ಊರಹಬ್ಬ, ಮನೆ ತುಂಬಾ ನೆಂಟರು ಇರುತ್ತಾರೆ, ಎರಡು ದಿನ ಆಗಲ್ಲ ಅಂತ ಜನವರಿಯಲ್ಲೇ ಬರೆದಿದ್ದೆ. ಒಂದು ಮಾತೂ ಆಡದೆ ಕೊಟ್ಟರು. ಹಿಂದಿನ ದಿನ ಕೇಳಿದ್ದರೆ ಹೀಗಾಗುತ್ತಿರಲಿಲ್ಲ.

ಸೇರಿದ ಮೇಲೆ

ಮೊದಲ ತಿಂಗಳು ಯಾರೂ ನಿಮ್ಮ ಕೈಗೆ ದೊಡ್ಡ ಜಾಹೀರಾತಿನ ಬಜೆಟ್ ಕೊಡಲ್ಲ. ನನಗೆ ಸಿಕ್ಕಿದ್ದು ನಾನೂರು ಚಿತ್ರಗಳಿಗೆ ವಿವರಣೆ ಬರೆಯುವುದು, ಮುರಿದ ಲಿಂಕ್ ಪಟ್ಟಿ ಮಾಡುವುದು, ಸೋಮವಾರದ ರಿಪೋರ್ಟಿಗೆ ಅಂಕಿ ತುಂಬುವುದು. ಬೇಜಾರಾಗುತ್ತದೆ, ಮಾಡಿ. ಎರಡನೇ ತಿಂಗಳು ಗೂಗಲ್ ಜಾಹೀರಾತಿಗೆ ಸಾಲು ಬರೆಯಲು ಕೊಟ್ಟರು. ಒಂದು ಜಾಹೀರಾತಿಗೆ 15 ತಲೆಬರಹದವರೆಗೆ ಕೊಡಬಹುದು, ಒಂದೊಂದೂ 30 ಅಕ್ಷರದೊಳಗೆ ಇರಬೇಕು, ಕೆಳಗಿನ ವಿವರಣೆ 90 ಅಕ್ಷರ. ಇಂಗ್ಲಿಷ್ ಬರಲ್ಲ ಅನ್ನುವ ಭಯ ನನಗೆ ಹೋಗಿದ್ದು ಇಲ್ಲಿ. 30 ಅಕ್ಷರದಲ್ಲಿ ಯಾರೂ ಪಂಡಿತರಾಗಲು ಆಗಲ್ಲ.

ಇಂಗ್ಲಿಷ್ ಅಂದಾಗ ನೆನಪಾಯಿತು. ನಾವು ಇಲ್ಲಿ ಉತ್ತರ ಕೊಡುತ್ತೇನೆ ಅನ್ನುವುದಕ್ಕೆ "ಐ ವಿಲ್ ರಿವರ್ಟ್" ಅನ್ನುತ್ತೇವಲ್ಲ, ಅವರಿಗೆ ರಿವರ್ಟ್ ಅಂದರೆ ಮೊದಲಿನ ಸ್ಥಿತಿಗೆ ವಾಪಸ್ ತರುವುದು. ಒಂದು ಪುಟದ ಬದಲಾವಣೆ ಬಗ್ಗೆ ನಾನು ಹಾಗೆ ಬರೆದೆ. ಮಾಡಿದ ಕೆಲಸವನ್ನೆಲ್ಲ ಅಳಿಸುತ್ತಿದ್ದೇನೆ ಅಂದುಕೊಂಡು ಮ್ಯಾನೇಜರ್ ತಕ್ಷಣ ಕಾಲ್ ಮಾಡಿದರು. "ಡೂ ದ ನೀಡ್‌ಫುಲ್", "ಪ್ರಿಪೋನ್" ಕೂಡ ಬೇಡ. ಲಕ್ಷ, ಕೋಟಿ ಅವರಿಗೆ ಅರ್ಥ ಆಗಲ್ಲ. ತಾರೀಖನ್ನು ಅಂಕಿಯಲ್ಲಿ ಬರೆಯಬೇಡಿ, 3/4 ಅಂದರೆ ನಮಗೂ ಬ್ರಿಟನ್ನಿಗೂ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರನ್ನೇ ಬರೆಯಿರಿ. ಆಸ್ಟ್ರೇಲಿಯಾ ಗಿರಾಕಿ ಇದ್ದರೆ ಜೂನ್ ಅಲ್ಲಿ ಚಳಿಗಾಲ ಅನ್ನುವುದು ನೆನಪಿರಲಿ.

ದಿನದ ಕೊನೆಗೆ ಮೂರು ಸಾಲು ಬರೆದು ಕಳಿಸಿ: ಏನು ಮುಗಿಯಿತು, ನಾಳೆ ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೂರನೇ ಸಾಲನ್ನು ನಮ್ಮವರು ಬರೆಯುವುದೇ ಇಲ್ಲ. ಗೊತ್ತಿಲ್ಲ ಅಂದರೆ ದಡ್ಡಿ ಅನ್ನುತ್ತಾರೆ ಅಂತ ನಾನೂ ಒಂದು ಶೀಟ್ ಹಿಡಿದು ಎರಡು ದಿನ ಒಬ್ಬಳೇ ಒದ್ದಾಡಿದೆ, ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಅವರಿಗೆ ನಿಮ್ಮ ಮುಖ ಕಾಣಲ್ಲ. ಸುಮ್ನೆ ಇದ್ದರೆ ಕೆಲಸ ನಡೆಯುತ್ತಿದೆ ಅಂತಲೇ ಅಂದುಕೊಳ್ಳುತ್ತಾರೆ.

ಗ್ರಾಹಕರ ಇಮೇಲ್ ಪಟ್ಟಿಯನ್ನು ನಿಮ್ಮ ಸ್ವಂತ ಡ್ರೈವ್‌ಗೆ ಹಾಕಿಕೊಳ್ಳಬೇಡಿ, ಚಾಟ್‌ಜಿಪಿಟಿಗೆ ಅಂಟಿಸಬೇಡಿ. ಯುರೋಪಿನಲ್ಲಿ 2018ರ ಮೇ 25ರಿಂದ ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನು ಇದೆ, ಬ್ರಿಟನ್ ಕೂಡ ಅದೇ ಥರದ್ದನ್ನು ಇಟ್ಟುಕೊಂಡಿದೆ. ದಂಡ ದೊಡ್ಡದು, ಅದು ಬೀಳುವುದು ಕಂಪನಿ ಮೇಲೆ, ಆದರೆ ಮೊದಲು ಮನೆಗೆ ಹೋಗುವವರು ನೀವು.

ಕೊನೆಯ ವಾರಕ್ಕೆ ಮುಂಚೆಯೇ ತೋರಿಸಲು ಒಪ್ಪಿಗೆ ಇರುವ ಕೆಲಸದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಲಿಂಕ್ಡ್‌ಇನ್‌ನಲ್ಲಿ ನಾಲ್ಕು ಸಾಲು ಬರೆಯಲು ಮ್ಯಾನೇಜರ್‌ಗೆ ಕೇಳಿ, ಕಾಲೇಜಿನ ಕಾಗದಕ್ಕೆ ಸಹಿ ಮಾಡಿಸಿಕೊಳ್ಳಿ. ಕೊನೆಯ ದಿನ ಸಂಜೆ ನಿಮ್ಮ ಲಾಗಿನ್‌ಗಳನ್ನೆಲ್ಲ ಮುಚ್ಚುತ್ತಾರೆ, ಆಮೇಲೆ ಏನೂ ಸಿಗಲ್ಲ. ಹಾಗೇ ನಿಮ್ಮ ಊರಿನ ಅಂಗಡಿಯಲ್ಲೂ ಯಾರಾದರೊಬ್ಬರಿಗೆ ಕಲಿಸಿ ಬಿಟ್ಟುಬನ್ನಿ. ನಾನು ಇದನ್ನು ಮಾಡಲಿಲ್ಲ. ಈಗಲೂ ಪ್ರತಿ ಅಮಾವಾಸ್ಯೆಯ ಹಿಂದಿನ ದಿನ ಮಾವನ ಫೋನ್ ಬರುತ್ತದೆ, "ನಾಳೆ ಅಂಗಡಿ ಬಾಗ್ಲು ಲೇಟು, ಗೂಗಲ್‌ನಾಗೆ ಒಂದಿಷ್ಟು ಹಾಕವ್ವ" ಅಂತ.